ಸೀಟ್‌ಪೋಸ್ಟ್ ಕ್ಯಾರಿಯರ್: ಮಂಡೈಗೆ ಸೈ, ಬೆಳಗಾವಿಗೆ ಬೇಡ

ಗೇರ್ ಸೈಕಲ್ಲುಗಳು ಸಾಮಾನ್ಯವಾಗಿ ಕ್ಯಾರಿಯರ್ ಇಲ್ಲದೆಯೇ ಬರುತ್ತವೆ. ಪುಣೆಯಲ್ಲಿ ಆಮೇಲೆ ಹಾಕಿಸುವವರು ಕೊಳ್ಳುವುದು ಹೆಚ್ಚಾಗಿ ಸೀಟನ್ನು ಹೊತ್ತ ಕೊಳವೆಯನ್ನು, ಅಂದರೆ ಸೀಟ್‌ಪೋಸ್ಟನ್ನು ಕಚ್ಚಿ ಕೂರುವ ಅಲ್ಯೂಮಿನಿಯಂ ಕ್ಯಾರಿಯರನ್ನೇ. ಐದು ನಿಮಿಷದ ಕೆಲಸ, ಫ್ರೇಮಿನಲ್ಲಿ ತೂತೂ ಬೇಕಿಲ್ಲ. ಟಿಫಿನ್ನು, ಲ್ಯಾಪ್‌ಟಾಪು, ಮಂಡೈ ಮಾರುಕಟ್ಟೆಯಿಂದ ನಾಲ್ಕೈದು ಕಿಲೋ ತರಕಾರಿ, ಇಷ್ಟಕ್ಕೆ ಧಾರಾಳವಾಗಿ ಸಾಕು.

ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. 10 ಕಿಲೋ ದಾಟಿಸಲೇಬಾರದು. ಭಾರವೆಲ್ಲ ಒಂದೇ ಹಿಡಿಯಿಂದ ಹಿಂದಕ್ಕೆ ಜೋತಿರುತ್ತದೆ. ಹಂಪ್ ಹಾರಿದಾಗಲೆಲ್ಲ ಹಿಡಿ ಕೂದಲೆಳೆಯಷ್ಟು ಜಾರಿ, ಕೊನೆಗೆ ಬಾಲ ಟೈರಿಗೆ ತಾಗುತ್ತದೆ. ಹಿಡಿಯೊಳಗೆ ಹಳೆ ಟ್ಯೂಬಿನ ತುಂಡು ಸುತ್ತಿದರೆ ಜಾರುವುದು ಕಡಿಮೆಯಾದೀತು, ಪಕ್ಕಕ್ಕೆ ತಿರುಗುವುದು ಪೂರ್ತಿ ನಿಲ್ಲದು. ಕಾರ್ಬನ್ ಸೀಟ್‌ಪೋಸ್ಟಿಗಂತೂ ಇದನ್ನು ಕಚ್ಚಿಸಲೇಬೇಡಿ, ಬಿರುಕು ಬಿಡುತ್ತದೆ.

ಬೆಳಗಾವಿ ಕಡೆಯ ಊರಿಂದ ಜೋಳದ ಹಿಟ್ಟು ಹೊತ್ತು ತರುವ ಆಸೆಯಿದ್ದರೆ, ಅಂದರೆ ಕಾತ್ರಜ್, ಖಂಬಾಟ್ಕಿ ಘಾಟು ದಾಟುವ ದಾರಿಗೆ, ನಾಲ್ಕು ಬೋಲ್ಟಿನ ಕ್ಯಾರಿಯರೇ ಬೇಕು. ಒಳ್ಳೆಯದಕ್ಕೆ 25 ಕಿಲೋ ತಾಕತ್ತಿರುತ್ತದೆ, ಕಾರಣ ಅದರ ಕಾಲುಗಳು ಭಾರವನ್ನು ನೇರ ಹಿಂಚಕ್ರದ ಅಚ್ಚಿನ ಬಳಿಗೆ ಇಳಿಸುತ್ತವೆ. ಕೊಳ್ಳುವ ಮೊದಲು ಅಚ್ಚಿನ ಹತ್ತಿರ, ಸೀಟಿನ ಕೆಳಗೆ ಫ್ರೇಮಿನಲ್ಲಿ ಬೋಲ್ಟಿನ ತೂತುಗಳಿವೆಯೇ ನೋಡಿ. ಡಿಸ್ಕ್ ಬ್ರೇಕಿದ್ದರೆ ಕ್ಯಾರಿಯರಿನ ಎಡಗಾಲು ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೆ ತಾಗಬಹುದು. ಡಿಸ್ಕ್‌ಗೆಂದೇ ಅಗಲ ಮಾಡಿದ್ದನ್ನು ಕೇಳಿ.

ನಾಲ್ಕೂ ಎಂ5 (5 ಮಿ.ಮೀ. ದಪ್ಪದ) ಬೋಲ್ಟುಗಳನ್ನು ಮೊದಲು ಬೆರಳಿನಲ್ಲಷ್ಟೇ ತಿರುಗಿಸಿ. ಕ್ಯಾರಿಯರಿನ ತಟ್ಟೆ ಮಟ್ಟಸವಾದ ಮೇಲೆ 4 ಮಿ.ಮೀ. ಅಲೆನ್ ಕೀಯಲ್ಲಿ ಬಿಗಿಯಿರಿ. ಎಡವಟ್ಟಾಗುವುದು ಬಲಬದಿಯ ಕೆಳಗಿನ ಬೋಲ್ಟಿನಲ್ಲಿ: ಉದ್ದ ಹೆಚ್ಚಿದ್ದರೆ ತುದಿ ಒಳಗೆ ಚಾಚಿ, ಚೈನು ಚಿಕ್ಕ ಗೇರಿಗೆ ಇಳಿದಾಗ ಕಟಕಟ ಉಜ್ಜುತ್ತದೆ. ಬೋಲ್ಟಿನ ತಲೆಯ ಕೆಳಗೊಂದು ವಾಷರ್ ಹಾಕಿದರೆ ಮುಗಿಯಿತು.

ಚೀಲಗಳನ್ನು ತಟ್ಟೆಯ ಮೇಲೆ ಪೇರಿಸದೆ ಎರಡೂ ಬದಿಗೆ ಸಮತೂಕದಲ್ಲಿ, ಭಾರದ್ದು ತಳಕ್ಕೆ ಬರುವಂತೆ ತೂಗುಹಾಕಿ. ಪೆಡಲ್ ಹಿಂದಕ್ಕೆ ತಿರುಗಿಸಿ ನೋಡಿ, ಹಿಮ್ಮಡಿ ಬಡಿದರೆ ಚೀಲವನ್ನು ಹಿಂದೆ ಸರಿಸಿ. ಜೋತುಬಿದ್ದ ಎಲಾಸ್ಟಿಕ್ ಹಗ್ಗ ಕಡ್ಡಿಗಳಿಗೆ ಸಿಕ್ಕಿದರೆ ಚಕ್ರವೇ ಹಿಡಿದುಬಿಡುತ್ತದೆ. ಮಳೆಗಾಲಕ್ಕೆ ಜಿಪ್ ಚೀಲ ದಂಡ. ಬಾಯಿ ಮಡಚಿ ಸುತ್ತುವಂಥದ್ದೇ ಆಗಬೇಕು.

ಹೊರಡುವ ಮುಂಚೆ ಸೀಟು ಹಿಡಿದು ಸೈಕಲ್ಲನ್ನು ಅಲ್ಲಾಡಿಸಿ. ಕ್ಯಾರಿಯರ್ ಒಂದು ಗಳಿಗೆ ತಡವಾಗಿ ಅಲ್ಲಾಡಿದರೆ ಎಲ್ಲೋ ಬೋಲ್ಟು ಸಡಿಲವಿದೆ.