ಚಿಮ್ನಿ ಜಿಡ್ಡು, ಡಿಗ್ರೀಸರ್, ಮತ್ತೆ ಕಪ್ಪಾದ ಇಡ್ಲಿ ತಟ್ಟೆ

ಮಳೆಗಾಲ ಬಂತು ಅಂದ್ರೆ ನಮ್ಮ ಚಿಕ್ಕಮಗಳೂರಲ್ಲಿ ಅಡುಗೆಮನೆ ಕಿಟಕಿ ತೆಗ್ಯೋ ಹಾಗೇ ಇಲ್ಲ, ಎರಚಲು ಒಳಗೆ ಹೊಡೆಯತ್ತೆ, ಬೋಂಡ ಕರಿದ ಹೊಗೆ, ಒಗ್ಗರಣೆ ಹೊಗೆ ಎಲ್ಲ ಒಳಗೇ ಸುತ್ತಿ ಸುತ್ತಿ ಚಿಮ್ನಿ ಮೇಲೆ, ಎಕ್ಸಾಸ್ಟ್ ಫ್ಯಾನ್ ಮೇಲೆ ಕೂತು ಕಂದು ಬಣ್ಣದ ಅಂಟು ಆಗ್ಬಿಟ್ಟಿತ್ತು. ಪಾತ್ರೆ ಸೋಪಲ್ಲಿ ಉಜ್ಜಿದೆ, ಕೈ ನೋವು ಬಂತೇ ಹೊರತು ಜಿಡ್ಡು ಅಲ್ಲಾಡ್ಲಿಲ್ಲ. ಎಣ್ಣೆ ಬಿಸಿಗೆ, ಗಾಳಿಗೆ ಸಿಕ್ಕಿ ಸಿಕ್ಕಿ ವಾರ್ನಿಷ್ ಥರ ಗಟ್ಟಿ ಆಗತ್ತಂತೆ, ಅದಕ್ಕೆ ಸೋಪು ಸಾಕಾಗಲ್ಲ.

ಐ.ಜಿ. ರೋಡಲ್ಲಿ ಒಂದು ಅಂಗಡೀಲಿ ಕಿಚನ್ ಡಿಗ್ರೀಸರ್ (ಜಿಡ್ಡು ಬಿಡಿಸೋ ದ್ರವ) ಒಂದು ಲೀಟರ್ 240 ರೂಪಾಯಿಗೆ ತಂದೆ, ಕಂಪ್ನಿ ಹೆಸರು ಬೇಡ ಬಿಡಿ. ತಮ್ಮ ಆಗ್ಲೇ 'ಅಕ್ಕ, ನನ್ನ ಬೈಕ್ ಚೈನಿಗೆ ಹಾಕೋದೇ ಇದೆ, ತಗೊಂಡ್ ಹೋಗು' ಅಂದಿದ್ದ. ಬೇಡ ಮಾರಾಯ ಅಂದೆ, ಅವನದು ಸೀಮೆಎಣ್ಣೆ ಜಾತಿದು, ಗ್ಯಾಸ್ ಸ್ಟೌವ್ ಹತ್ರ ಅದನ್ನ ತರೋದಾ? ಅಡುಗೆಮನೆದು ನೀರಲ್ಲಿ ಕರಗೋ ಕ್ಷಾರ, ಜಿಡ್ಡನ್ನ ಸೋಪ್ ಮಾಡಿ ನೀರಲ್ಲಿ ಹೋಗೋ ಹಾಗೆ ಮಾಡತ್ತೆ. ಇದನ್ನ ಅತ್ತೆಗೆ ಹೇಳಿದ್ರೆ 'ನಾವು ಒಲೆ ಬೂದಿ ಹಾಕಿ ತಿಕ್ತಿದ್ದಿದ್ದೂ ಅದಕ್ಕೇ, 240 ಯಾಕೆ ಕೊಟ್ಟೆ' ಅಂದ್ರು. ಬೂದೀಲೂ ಕ್ಷಾರಾನೇ ಇರೋದು, ವಾದ ಮಾಡಕ್ಕಾಗ್ಲಿಲ್ಲ.

ಕೆಲ್ಸ ಮಾತ್ರ ಚೆನ್ನಾಗಿ ಮಾಡತ್ತೆ, ಅದನ್ನ ಒಪ್ಪಲೇಬೇಕು. ಮೊದಲನೇ ಸಲ ಹೊಡೆದ ತಕ್ಷಣ ಒರೆಸಿ ದುಡ್ಡು ದಂಡ ಅಂತ ಬೈಕೊಂಡೆ. ಆಮೇಲೆ ಗೊತ್ತಾಯ್ತು, ಹೊಡೆದು ಐದ್ಹತ್ತು ನಿಮಿಷ ಸುಮ್ನೆ ಬಿಡ್ಬೇಕು, ಒಣಗಕ್ಕೂ ಬಿಡಬಾರದು. ಟೀ ಕುಡ್ದು ಬಂದು ನೋಡ್ತೀನಿ, ಸ್ಟೀಲ್ ಫಿಲ್ಟರ್ ಮೇಲಿಂದ ಕಾಫಿ ಬಣ್ಣದ ನೀರು ತೊಟ್ಟಿಕ್ತಾ ಇದೆ, ಬಟ್ಟೆ ಹಾಕಿ ಒಂದು ಎಳೆ ಎಳೆದ್ರೆ ಹೊಳೆಯತ್ತೆ. ಟೈಲ್ಸ್ ಸಂದು, ಸ್ಟೌವ್ ಹಿಂದಿನ ಗೋಡೆ, ಫ್ಯಾನ್ ರೆಕ್ಕೆ (ಮೇನ್ ಸ್ವಿಚ್ ಆಫ್ ಮಾಡಿ, ರೆಕ್ಕೆ ಬಿಚ್ಚಿ ತೊಳೆದಿದ್ದು) ಎಲ್ಲಾ ಒಂದೇ ಮಧ್ಯಾಹ್ನದಲ್ಲಿ ಮುಗೀತು. ಫ್ಯಾನಿಂದು ಬಿಳಿ ಬಣ್ಣ ಅಂತ ನಂಗೆ ಮರ್ತೇ ಹೋಗಿತ್ತು.

ಇಲ್ಲಿಗೆ ನಿಲ್ಸಿದ್ರೆ ಐದಕ್ಕೆ ಐದು ಕೊಡ್ತಿದ್ದೆ. ಬಾಟ್ಲಿ ಮೇಲೆ 'ಎಲ್ಲಾ ಪಾತ್ರೆಗೂ ಸೇಫ್' ಅಂತ ದಪ್ಪಕ್ಷರದಲ್ಲಿ ಇತ್ತಲ್ಲ, ಅದನ್ನ ನಂಬಿ ಅತ್ತೆಯ ಹಳೇ ಅಲ್ಯೂಮಿನಿಯಂ ಇಡ್ಲಿ ತಟ್ಟೆಗೂ ಹೊಡೆದೆ. ಕಾಲು ಗಂಟೆ ಬಿಟ್ಟು ತೊಳೆದ್ರೆ ಹೊಳಪೆಲ್ಲ ಹೋಗಿ ಬೂದು-ಕಪ್ಪು. ಕ್ಷಾರ ಅಲ್ಯೂಮಿನಿಯಮ್ಮನ್ನ ತಿನ್ನತ್ತೆ, ಅಂಗಡಿಯವ್ರಾದ್ರೂ ಒಂದು ಮಾತು ಹೇಳ್ಬಹುದಿತ್ತು! ನಿಮ್ಮ ಚಿಮ್ನಿ ಜಾಲರಿನೂ ತೆಳ್ಳಗೆ ಅಲ್ಯೂಮಿನಿಯಮ್ಮಂದೇ ಆಗಿದ್ರೆ ಇದನ್ನ ತರಬೇಡಿ, ಬಿಸಿನೀರು ಪಾತ್ರೆ ಸೋಪಲ್ಲಿ ನೆನೆಹಾಕೋದೇ ವಾಸಿ, ನಿಧಾನ ಆದ್ರೂ. ಗೋಡೆ ಪೇಂಟ್ ಮೇಲೂ ಹೊಡೀಬೇಡಿ, ನಮ್ಮನೇಲಿ ಸ್ವಿಚ್ ಬೋರ್ಡ್ ಪಕ್ಕ ಒಂದು ಅಂಗೈ ಅಗಲ ಬಿಳಚಿಕೊಂಡಿದೆ, ಸ್ಟೌವ್ ನಾಬ್ ಮೇಲಿನ ಅಕ್ಷರಾನೂ ಅರ್ಧ ಅಳಿಸಿದೆ.

ಗ್ಲೌಸ್ ಇಲ್ದೆ ಮುಟ್ಟಬೇಡಿ, ನಾನು ಮುಟ್ಟಿ ಎರಡು ದಿನ ಬೆರಳು ಒಣಗಿ ಉರೀತಿತ್ತು. ಸ್ಟೌವ್ ಪೂರ್ತಿ ಆರಿರಬೇಕು. ಮಳೆ ಆದ್ರೂ ಪರ್ವಾಗಿಲ್ಲ ಆ ಹೊತ್ತು ಕಿಟಕಿ ತೆಗೀರಿ, ಬಾತ್‌ರೂಮಿನ ಬ್ಲೀಚ್, ಆಸಿಡ್ ಯಾವುದರ ಜೊತೆಗೂ ಬೆರೆಸಬೇಡಿ. ಊಟದ ಸಾಮಾನು ಇಡೋ ಜಾಗ ಆದ್ರೆ ಎರಡು ಸಲ ನೀರಲ್ಲಿ ಒರೆಸಿ.

ಐದಕ್ಕೆ ಮೂರೂವರೆ. ಸ್ಟೀಲು, ಟೈಲ್ಸಿಗೆ ತಗೊಳ್ಳಿ, ದೊಡ್ಡ ಬಾಟ್ಲಿ ಬೇಡ, ಜಿಡ್ಡು ಸುಮಾರಾಗಿದ್ರೆ ನೀರು ಬೆರೆಸ್ಕೊಂಡೂ ಸಾಕಾಗತ್ತೆ, ನಂದಿನ್ನೂ ಮುಕ್ಕಾಲು ಉಳಿದಿದೆ. ಇಡ್ಲಿ ತಟ್ಟೆ ವಿಷ್ಯ ಅತ್ತೆಗೆ ಇನ್ನೂ ಹೇಳಿಲ್ಲ, ಮೇಲಿನ ಅಟ್ಟದಲ್ಲಿಟ್ಟು ಸ್ಟೀಲಿಂದು ತಂದಿಟ್ಟಿದೀನಿ.