ನಿಗದಿತ ಸಮಯಕ್ಕೆ ತೆರೆದುಕೊಳ್ಳುವ ಫೀಚರ್ ಫ್ಲ್ಯಾಗ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಫೀಚರ್ ಫ್ಲ್ಯಾಗ್ (ಆ್ಯಪ್‌ನ ಒಂದು ಭಾಗವನ್ನು ಕೋಡ್ ಬದಲಿಸದೆಯೇ ಆನ್ ಅಥವಾ ಆಫ್ ಮಾಡುವ ಸ್ವಿಚ್) ಸೇವೆಯೊಂದನ್ನು ನಮ್ಮ ಚಿಕ್ಕ ತಂಡ ಬಹುಕಾಲದಿಂದ ಬಳಸುತ್ತಿದ್ದು, ಅದರ ದುಬಾರಿ ಪ್ಲಾನ್‌ಗೆ ಹಣ ಕಟ್ಟುತ್ತಿರುವುದು ನಿಗದಿತ ಸಮಯಕ್ಕೆ ಫ್ಲ್ಯಾಗ್ ತಾನಾಗಿಯೇ ಬದಲಾಗುವ ಶೆಡ್ಯೂಲ್ ಸೌಲಭ್ಯಕ್ಕಾಗಿ ಮಾತ್ರ. ಕೋಡ್ ಅನ್ನು ಸರ್ವರ್‌ಗೆ ಹಾಕುವ (ಡಿಪ್ಲಾಯ್ ಮಾಡುವ) ಹೊತ್ತು ಬೇರೆ, ಬಳಕೆದಾರರಿಗೆ ಅದು ಕಾಣುವ ಹೊತ್ತು ಬೇರೆ ಎಂದಾದ ಮೇಲೆ ನಡುರಾತ್ರಿಯ ರಿಲೀಸ್‌ಗಳು ನಿಂತೇಹೋದವು. ಪ್ರತಿ ಸಂಜೆ ಶೆಡ್ಯೂಲ್ ಪುಟವನ್ನು ತೆರೆದು, ಬಳಕೆದಾರರಲ್ಲಿ ಶೇ. 1, ಶೇ. 10, ಶೇ. 50 ಜನರಿಗೆ ಎಂಬ ಮರುದಿನದ ಹಂತಗಳನ್ನು ಒಂದೊಂದಾಗಿ ಓದಿ, ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ವೇಳೆ) ಇದೆಯೋ ಸ್ಥಳೀಯ ವೇಳೆಯಲ್ಲಿದೆಯೋ ನೋಡಿ, ಸಹೋದ್ಯೋಗಿಯ ಅನುಮೋದನೆ ಬಂದಿದೆಯೆಂದು ಖಚಿತಪಡಿಸಿಕೊಂಡು ಲ್ಯಾಪ್‌ಟಾಪ್ ಮುಚ್ಚುವುದು ನನಗೆ ಪ್ರಿಯವಾದ ಅಭ್ಯಾಸ. ಬಳಕೆದಾರರ ಐಡಿಯನ್ನು ಹ್ಯಾಶ್ ಮಾಡಿ (ಪ್ರತಿ ಐಡಿಗೂ ಬದಲಾಗದ ಒಂದು ಸಂಖ್ಯೆ ಲೆಕ್ಕಹಾಕಿ) ಪಾಲು ಹಂಚುವುದರಿಂದ, ಶೇ. 10ರ ಹಂತದಲ್ಲಿ ಹೊಸ ಪುಟ ಕಂಡವರಿಗೆ ಶೇ. 50ಕ್ಕೆ ಏರಿದಾಗಲೂ ಅದೇ ಪುಟ ಕಾಣುತ್ತದೆ. ಇದು ನಿಜಕ್ಕೂ ಅಚ್ಚುಕಟ್ಟಾದ ಕೆಲಸ.

ನನ್ನ ನಂಬಿಕೆಯನ್ನು ಕದಡಿದ್ದು ಒಂದೇ ಒಂದು ದೋಷ. ಶೇ. 10ರ ಹಂತದಲ್ಲಿ ಎರರ್‌ಗಳು ಏರಿದ್ದರಿಂದ ಸಹೋದ್ಯೋಗಿಯೊಬ್ಬರು ಫ್ಲ್ಯಾಗ್ ಅನ್ನು ಆಫ್ ಮಾಡಿದರು, ಎರರ್‌ಗಳು ಇಳಿದವು, ಎಲ್ಲರೂ ನಿರಾಳರಾದೆವು. ಆದರೆ ಬಾಕಿಯಿದ್ದ ಶೆಡ್ಯೂಲ್ ಜೀವಂತವಾಗಿಯೇ ಇದ್ದು, ಮರುದಿನ ತನ್ನ ಸಮಯಕ್ಕೆ ಸರಿಯಾಗಿ ಅದೇ ದೋಷಪೂರ್ಣ ಪುಟವನ್ನು ಶೇ. 50 ಜನರಿಗೆ ತೆರೆದಿಟ್ಟಿತು. ವಿನ್ಯಾಸವೇ ಹಾಗಿದೆ ಎಂಬುದು ಬೆಂಬಲ ವಿಭಾಗದ ಉತ್ತರ. ಇದನ್ನು ನಾನು ಒಪ್ಪಲಾರೆ. ಬೇಡದ ಹೊತ್ತಿನಲ್ಲಿ ಆನ್ ಆದ ಫ್ಲ್ಯಾಗ್ ಏನು ಮಾಡಬಲ್ಲದೆಂಬುದಕ್ಕೆ ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ 2012ರ ಆಗಸ್ಟ್ 1ರ ಪ್ರಕರಣವೇ ಸಾಕ್ಷಿ: ಹಳೆಯ ಫ್ಲ್ಯಾಗ್ ಅನ್ನು ಹೊಸ ಕೆಲಸಕ್ಕೆ ಮರುಬಳಸಿದಾಗ, ಎಂಟು ಸರ್ವರ್‌ಗಳ ಪೈಕಿ ಹೊಸ ಕೋಡ್ ತಲುಪದ ಒಂದರಲ್ಲಿ ಹಳೆಯ ಕೋಡ್ ಎಚ್ಚೆತ್ತು, ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ತುರ್ತಿನಲ್ಲಿ ಒತ್ತಿದ ಆಫ್ ಬಟನ್ ಮುಂದಿನ ಎಲ್ಲ ಹಂತಗಳನ್ನೂ ತಡೆಹಿಡಿಯಬೇಕು, ಕನಿಷ್ಠ ಒಂದು ಎಚ್ಚರಿಕೆಯನ್ನಾದರೂ ತೋರಿಸಬೇಕು.

ಉಳಿದಂತೆ ಸೇವೆಯ ಬಗ್ಗೆ ದೂರಿಲ್ಲ. ಅದರ ಸರ್ವರ್ ಕೈಗೆ ಸಿಗದಿದ್ದಾಗಲೂ ನಮ್ಮ ಆ್ಯಪ್‌ನೊಳಗೆ ಸೇರಿಸಿದ ಅದರ ಕೋಡ್ (ಎಸ್‌ಡಿಕೆ) ತಾನು ಮೊದಲೇ ಉಳಿಸಿಟ್ಟುಕೊಂಡ ನಿಯಮಗಳಿಂದ ಕೆಲಸ ಸಾಗಿಸುತ್ತದೆ, ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲೆ (ಆಡಿಟ್ ಲಾಗ್) ಕೂಡ ಸ್ಪಷ್ಟವಾಗಿದೆ. ಹಾಗಾಗಿ ಸೇವೆಯನ್ನು ಬಿಡುತ್ತಿಲ್ಲ. ಚಂದಾ ನವೀಕರಣದ ವೇಳೆಗೆ ಅಗ್ಗದ ಪ್ಲಾನ್‌ಗೆ ಇಳಿದು, ಎರರ್ ಪ್ರಮಾಣ ಮತ್ತು ಫ್ಲ್ಯಾಗ್‌ನ ಸ್ಥಿತಿ ಎರಡನ್ನೂ ಪರಿಶೀಲಿಸಿದ ಬಳಿಕವೇ ಎಪಿಐ (ಪ್ರೋಗ್ರಾಂಗಳು ಸೇವೆಗೆ ಆದೇಶ ಕೊಡುವ ದಾರಿ) ಮೂಲಕ ಮುಂದಿನ ಹಂತಕ್ಕೆ ಏರಿಸುವ ನಮ್ಮದೇ ಕ್ರಾನ್ ಜಾಬ್ (ನಿಗದಿತ ಸಮಯಕ್ಕೆ ತಾನಾಗಿಯೇ ಓಡುವ ಪ್ರೋಗ್ರಾಂ) ಬಳಸಲಿದ್ದೇವೆ.