ಫೋರ್ಟ್ ಕ್ರಿಸ್‌ಮಸ್: ಆರ್ಲ್ಯಾಂಡೊ ಪಕ್ಕದ ಮರದ ಕೋಟೆಯನ್ನು ನೋಡುವ ಬಗೆ

ಆರ್ಲ್ಯಾಂಡೊದಿಂದ ಕೆನಡಿ ಸ್ಪೇಸ್ ಸೆಂಟರಿಗೆ ಹೋಗುವವರು ಸಾಮಾನ್ಯವಾಗಿ 528ನೇ ಟೋಲ್ ರಸ್ತೆ ಹಿಡಿಯುತ್ತಾರೆ. ಅದನ್ನು ಬಿಟ್ಟು ರಾಜ್ಯ ಹೆದ್ದಾರಿ 50ರಲ್ಲಿ ಪೂರ್ವಕ್ಕೆ ಹೋದರೆ ಸುಮಾರು 25 ಮೈಲಿಗೆ ಕ್ರಿಸ್‌ಮಸ್ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ಫೋರ್ಟ್ ಕ್ರಿಸ್‌ಮಸ್ ರಸ್ತೆಯಲ್ಲಿ ಎರಡು ಮೈಲಿ ಹೋದರೆ ಕೋಟೆ. ಪ್ರವೇಶಕ್ಕೆ ದುಡ್ಡಿಲ್ಲ. ಎರಡು ಗಂಟೆ ಇಟ್ಟುಕೊಂಡರೆ ನಿಧಾನವಾಗಿ ನೋಡಬಹುದು.

ಒಂದು ಮಾತು ಮೊದಲೇ ತಿಳಿದಿರಲಿ. ಈಗ ನಿಂತಿರುವುದು 1977ರಲ್ಲಿ ಪೂರ್ಣ ಅಳತೆಯಲ್ಲಿ ಕಟ್ಟಿದ ಪ್ರತಿರೂಪ. ಮೂಲ ಕೋಟೆ ಎಂದೋ ಹೋಯಿತು. ಹಸಿ ಪೈನ್ ದಿಮ್ಮಿಯನ್ನು ಫ್ಲೋರಿಡಾದ ತೇವದ ಮರಳಿನಲ್ಲಿ ನೆಟ್ಟರೆ ನೆಲಮಟ್ಟದಲ್ಲೇ ಕೊಳೆಯಲು ಶುರುವಾಗುತ್ತದೆ, ಉಳಿದದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ. ಫ್ಲೋರಿಡಾದ ಮೂಲನಿವಾಸಿಗಳಾದ ಸೆಮಿನೋಲರ ಮೇಲಿನ ಯುದ್ಧಕ್ಕೆಂದು ಅಮೆರಿಕದ ಸೈನ್ಯ ಕಟ್ಟಿದ ಮರದ ಕೋಟೆಗಳಲ್ಲಿ ಹೆಚ್ಚಿನವು ಮಣ್ಣಾದದ್ದು ಹೀಗೆಯೇ. ಆದ್ದರಿಂದ ಪ್ರತಿರೂಪ ಎಂದು ಮೂಗು ಮುರಿಯಬೇಕಾಗಿಲ್ಲ, ಅಳತೆ ಸರಿಯಿದ್ದರೆ ಕಲಿಯುವುದು ಬಹಳ ಇದೆ.

ಹಿನ್ನೆಲೆ ಚಿಕ್ಕದಾಗಿ ಹೇಳುವುದಾದರೆ, 1823ರ ಮೌಲ್ಟ್ರಿ ಕ್ರೀಕ್ ಒಪ್ಪಂದ ಸೆಮಿನೋಲರನ್ನು ಫ್ಲೋರಿಡಾದ ನಡುಭಾಗಕ್ಕೆ ಒತ್ತಿತು. 1830ರ ಸ್ಥಳಾಂತರ ಕಾನೂನು, 1832ರ ಪೇನ್ಸ್ ಲ್ಯಾಂಡಿಂಗ್ ಒಪ್ಪಂದ ಅಲ್ಲಿಂದಲೂ ಎಬ್ಬಿಸಿ ಮಿಸಿಸಿಪಿ ನದಿಯ ಆಚೆಗೆ ಕಳಿಸಲು ಹೊರಟವು. 1835ರ ಡಿಸೆಂಬರ್ 28ರಂದು ಅಮೆರಿಕದ ಮೇಜರ್ ಡೇಡ್‌ನ ನೂರಕ್ಕೂ ಹೆಚ್ಚು ಸೈನಿಕರ ತುಕಡಿ ಸೆಮಿನೋಲರ ಕೈಯಲ್ಲಿ ದಾರಿಯಲ್ಲೇ ಹತವಾಯಿತು. ಅದೇ ದಿನ ಫೋರ್ಟ್ ಕಿಂಗ್ ಹೊರಗೆ ಸರ್ಕಾರದ ಏಜೆಂಟ್ ವೈಲಿ ಥಾಮ್ಸನ್‌ನನ್ನು ಸೆಮಿನೋಲ್ ನಾಯಕ ಓಸಿಯೋಲನ ಪಡೆ ಕೊಂದಿತು. ಎರಡನೇ ಸೆಮಿನೋಲ್ ಯುದ್ಧ ಶುರುವಾದದ್ದು ಹೀಗೆ, ಮುಗಿದದ್ದು 1842ರಲ್ಲಿ. ನಡುವೆ 1837ರ ಅಕ್ಟೋಬರಿನಲ್ಲಿ ಅಮೆರಿಕದ ಜನರಲ್ ಜೆಸಪ್, ಮಾತುಕತೆಯ ಬಿಳಿ ಬಾವುಟದ ಕೆಳಗಿದ್ದ ಓಸಿಯೋಲನನ್ನು ಹಿಡಿಸಿದ. ಅದಾಗಿ ಎರಡು ತಿಂಗಳಿಗೆ, ಡಿಸೆಂಬರ್ 25ರಂದು, ಜನರಲ್ ಯೂಸ್ಟಿಸ್‌ನ ಸುಮಾರು 2,000 ಜನ ಇಲ್ಲಿ ದಿಮ್ಮಿ ಕಡಿಯಲು ನಿಂತರು. ಕೋಟೆಗೆ ಹೆಸರು ಬಂದದ್ದು ಆ ದಿನದಿಂದ, ಊರಿಗೆ ಬಂದದ್ದು ಕೋಟೆಯಿಂದ.

ಒಳಗೆ ಹೋದವರು ಮೊದಲು ಅಂಗಳದ ನಡುವೆ ನಿಂತು ಸುತ್ತ ನೋಡಬೇಕು. ಪ್ರತಿ ಬದಿ 80 ಅಡಿ. ಅಂದರೆ 6,400 ಚದರ ಅಡಿ. 2,000 ಜನಕ್ಕೆ ಹಂಚಿದರೆ ತಲೆಗೆ ಮೂರು ಚದರ ಅಡಿ ಚಿಲ್ಲರೆ, ಕೂರಲೂ ಸಾಲದು. ಸೈನ್ಯ ಇಲ್ಲಿ ವಾಸಕ್ಕೆ ಬಂದಿರಲಿಲ್ಲ, ಹೊರಗೆ ಬಿಡಾರ ಹೂಡಿ ದಕ್ಷಿಣಕ್ಕೆ ನಡೆಯುವುದರಲ್ಲಿತ್ತು. ಈ ಗೋಡೆ ಎದ್ದದ್ದು ಸಾಮಾನಿಗಾಗಿ. ಕೋಟೆಯನ್ನು ಉಗ್ರಾಣ ಎಂದುಕೊಂಡು ನೋಡಿದರೆ ಇಲ್ಲಿರುವ ಪ್ರತಿಯೊಂದಕ್ಕೂ ಅರ್ಥ ಬರುತ್ತದೆ.

ಆಗಿನ ಪಡಿಯ ಲೆಕ್ಕ ಹಾಕಿ: ಒಬ್ಬ ಸೈನಿಕನಿಗೆ ದಿನಕ್ಕೆ 18 ಔನ್ಸ್ ಹಿಟ್ಟು, ಅಂದರೆ 510 ಗ್ರಾಂ. ಜೊತೆಗೆ ಮುಕ್ಕಾಲು ಪೌಂಡ್ ಹಂದಿಮಾಂಸ, 340 ಗ್ರಾಂ. 2,000 ಜನಕ್ಕೆ ದಿನವೊಂದಕ್ಕೆ 1,020 ಕಿಲೊ ಹಿಟ್ಟು, 680 ಕಿಲೊ ಮಾಂಸ. ಇದರ ಮೇಲೆ ಕುದುರೆ, ಹೇಸರಗತ್ತೆಗಳ ಮೇವು, ಮದ್ದು, ಗುಂಡು. ಜೌಗು ನೆಲದಲ್ಲಿ ಗಾಡಿಯ ಚಕ್ರ ಹೂತರೆ ಇಡೀ ದಂಡು ನಿಲ್ಲುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಇಂಥ ದಾಸ್ತಾನು ಕೋಟೆಗಳನ್ನು ಕಟ್ಟುತ್ತಾ, ಕಾವಲಿಗೆ ಒಂದಿಷ್ಟು ಜನರನ್ನು ಬಿಟ್ಟು ಮುಂದುವರಿಯುತ್ತಿದ್ದರು.

ಕಾವಲಿನ ಉಪಾಯ ಬ್ಲಾಕ್‌ಹೌಸ್‌ಗಳಲ್ಲಿ, ಅಂದರೆ ಗುಂಡು ಹಾರಿಸಲು ಕಿಂಡಿಗಳಿರುವ ಮೂಲೆಯ ಕಟ್ಟಡಗಳಲ್ಲಿದೆ. 20 ಅಡಿ ಚೌಕದ ಇಂಥ ಎರಡು ಕಟ್ಟಡಗಳಿವೆ. ನಾಲ್ಕು ಮೂಲೆಗೆ ಎರಡೇ ಏಕೆ ಎಂದು ಕೇಳುವವರಿದ್ದಾರೆ. ಎದುರುಬದುರು ಮೂಲೆಯಲ್ಲಿ ಕೂರಿಸಿದರೆ ಒಂದೊಂದೂ ತನ್ನ ಎರಡು ಪಕ್ಕದ ಗೋಡೆಗಳ ಉದ್ದಕ್ಕೆ ಗುಂಡು ಹಾರಿಸಬಲ್ಲದು, ನಾಲ್ಕೂ ಗೋಡೆ ಕಾವಲಿಗೆ ಬರುತ್ತದೆ. ಮರ ಮತ್ತು ದುಡಿಮೆ ಅರ್ಧ ಉಳಿಯುತ್ತದೆ. ಕಿಂಡಿಯ ಹಿಂದೆ ನಿಂತು ಹೊರಗೆ ಕಣ್ಣು ಹಾಯಿಸಿ ನೋಡಿ. ಕಾಣುವ ನೆಲ ಎಷ್ಟು ಕಿರಿದು ಎಂಬುದು ಫೋಟೊದಲ್ಲಿ ತಿಳಿಯುವುದಿಲ್ಲ.

ಆ ಕಿಂಡಿಯಲ್ಲಿ ಇಡುತ್ತಿದ್ದ ಚಕಮಕಿ ಬಂದೂಕಿನ ಕೆಲಸವೂ ತಿಳಿದಿರಬೇಕು. ಕಾಗದದ ತೋಟಾವನ್ನು ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಪಕ್ಕದ ಬಟ್ಟಲಿಗೆ ಹಾಕಿ ಮುಚ್ಚಿ, ಉಳಿದ ಮದ್ದು ಮತ್ತು ಗುಂಡನ್ನು ನಳಿಗೆಯ ಬಾಯಿಂದ ಇಳಿಸಿ, ಸಲಾಕೆಯಿಂದ ಜಡಿದು, ಚಕಮಕಿ ಕಲ್ಲು ಹಿಡಿದ ಸುತ್ತಿಗೆಯನ್ನು ಪೂರ್ತಿ ಹಿಂದಕ್ಕೆಳೆದು ಬಂದೂಕಿನ ಕುದುರೆ ಒತ್ತಬೇಕು. ಪಳಗಿದ ಕೈಗೆ ನಿಮಿಷಕ್ಕೆ ಮೂರು ಸಲ. ಬಟ್ಟಲಿನ ಮದ್ದು ನೆನೆದರೆ ಕಿಡಿ ಹಾರಿದರೂ ಗುಂಡು ಹಾರದು. ಡೇಡ್‌ನ ಸೈನಿಕರು ಚಳಿಗೆ ಉದ್ದ ಕೋಟು ತೊಟ್ಟು ತೋಟಾ ಪೆಟ್ಟಿಗೆಯನ್ನು ಒಳಗಿಟ್ಟು ಗುಂಡಿ ಹಾಕಿಕೊಂಡಿದ್ದರು. ಮೊದಲ ಸುತ್ತಿನ ಗುಂಡಿಗೆ ಅರ್ಧದಷ್ಟು ಜನ ಬಿದ್ದಾಗ ಉಳಿದವರ ಕೈ ಇನ್ನೂ ಕೋಟಿನ ಗುಂಡಿಯ ಮೇಲಿತ್ತು.

ಕೋಟೆಯಾಚೆ ವಲಸಿಗರ ಏಳು ಹಳೆಯ ಮನೆಗಳನ್ನು ಬೇರೆಡೆಯಿಂದ ತಂದು ನಿಲ್ಲಿಸಿದ್ದಾರೆ. ಅಗಲ ಜಗಲಿ, ನೆಲದಿಂದ ಎತ್ತರಿಸಿದ ತಳ, ಗಾಳಿಯಾಡಲು ನಡುವೆ ಹಾದಿ. ಸೆಕೆಯ ಊರಿನಿಂದ ಹೋದವರಿಗೆ ಈ ಜಾಣ್ಮೆ ಕೂಡಲೇ ಹಿಡಿಸುತ್ತದೆ. ಮನೆಗಳ ಒಳಗೆ ಹೋಗಲು ಗೈಡ್ ಬೇಕು, ವಿಚಾರಿಸಿಕೊಳ್ಳಿ. ಉದ್ಯಾನದ ವೇಳೆಯೂ ಮ್ಯೂಸಿಯಮ್ಮಿನ ವೇಳೆಯೂ ಒಂದೇ ಅಲ್ಲ, ಹೊರಡುವ ಮೊದಲು ಆರೆಂಜ್ ಕೌಂಟಿ ಪಾರ್ಕ್ಸ್‌ನ ಪುಟ ನೋಡುವುದು ಕ್ಷೇಮ. ನವೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗು ಮಳೆ, ಸೊಳ್ಳೆ ಬೇರೆ. ಬುತ್ತಿ ಕಟ್ಟಿಕೊಂಡು ಹೋದರೆ ಕೂತು ಉಣ್ಣಲು ಮೇಜುಗಳಿವೆ.

ಸೊಳ್ಳೆಯ ಮಾತು ಬರಿಯ ಪ್ರವಾಸದ ಎಚ್ಚರಿಕೆಯಲ್ಲ. ಈ ಯುದ್ಧದಲ್ಲಿ ಸತ್ತ ಅಮೆರಿಕದ ಖಾಯಂ ಸೈನಿಕರು 1,466, ಕಾದಾಟದಲ್ಲಿ ಸತ್ತವರು ಅದರಲ್ಲಿ 328. ಉಳಿದವರಲ್ಲಿ ಬಹುಪಾಲು ಜನರನ್ನು ಒಯ್ದದ್ದು ಜ್ವರ, ಭೇದಿ.

ಕೊರತೆಯೊಂದನ್ನು ಹೇಳಲೇಬೇಕು. ಕೋಟೆ ಸೈನಿಕರದು, ಮನೆಗಳು ವಲಸಿಗರವು. ಯಾರನ್ನು ಎಬ್ಬಿಸಲು ಇದೆಲ್ಲ ನಡೆಯಿತೋ ಅವರ ಬದುಕು ಇಲ್ಲಿನ ಕಟ್ಟಡಗಳಲ್ಲಿ ಕಾಣುವುದಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಸೆಮಿನೋಲರನ್ನು ಈಗಿನ ಓಕ್ಲಹೋಮಕ್ಕೆ ಸಾಗಿಸಿದರು. ಅವರ ಜೊತೆಗಿದ್ದ ಆಫ್ರಿಕನ್ ಮೂಲದ ಕಪ್ಪು ಸೆಮಿನೋಲರು, ಜಾನ್ ಹಾರ್ಸ್‌ನಂಥ ನಾಯಕರು, ಗುಲಾಮಗಿರಿ ತಪ್ಪಿಸಿಕೊಳ್ಳಲೆಂದೇ ಹೋರಾಡಿದರು. ಸೆಮಿನೋಲರಲ್ಲಿ ಕೆಲವು ನೂರು ಜನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಉಳಿದರು, ಈಗಲೂ ಅವರ ವಂಶದವರು ಫ್ಲೋರಿಡಾದಲ್ಲಿದ್ದಾರೆ.

ಸೆಮಿನೋಲರ ಕಡೆಯನ್ನು ನೋಡಲು ದಕ್ಷಿಣ ಫ್ಲೋರಿಡಾದ ಬಿಗ್ ಸೈಪ್ರೆಸ್‌ನಲ್ಲಿ ಸೆಮಿನೋಲರೇ ನಡೆಸುವ ಆ-ತಾ-ತಿ-ಕಿ ಮ್ಯೂಸಿಯಂ ಇದೆ. ಆರ್ಲ್ಯಾಂಡೊದಿಂದ ಮೂರು ಗಂಟೆಗೂ ಹೆಚ್ಚಿನ ದಾರಿ, ಬೇರೆ ದಿನವೇ ಬೇಕು. ಅಲ್ಲಿ ಚಿಕೀ ಎಂಬ ಮನೆಯನ್ನು ನೋಡಿ: ಸೈಪ್ರೆಸ್ ಕಂಬ, ಪಾಮೆಟೊ ಗರಿಯ ಸೂರು, ಗೋಡೆಯೇ ಇಲ್ಲ, ಎತ್ತರದ ಹಲಗೆಯ ನೆಲ. ದಂಡು ಬರುವ ಸುಳಿವು ಸಿಕ್ಕರೆ ಬಿಟ್ಟು ಹೊರಟು, ಇನ್ನೊಂದು ದಿಬ್ಬದ ಮೇಲೆ ಮತ್ತೆ ಕಟ್ಟಿಕೊಳ್ಳಬಹುದಿತ್ತು.